ಬಿಸಿಯೂಟದ ಮನೆಯ ಸ್ಪೇರ್

ನಮ್ಮ ಮನೆಗೆ ಸ್ಪೇರ್ ಅನ್ನುವ ಮಾತನ್ನು ತಂದವನು ನನ್ನ ಮೈದುನ. ಅವನೇ ನನ್ನ ತಂಗಿಯ ಗಂಡ ಕೂಡ. ಬಳಿಚಕ್ರ ಊರಿನ ನಮ್ಮಪ್ಪ ಅಕ್ಕತಂಗಿ ಇಬ್ಬರನ್ನೂ ಒಂದೇ ಮನೆಗೆ ಕೊಟ್ಟ. ಅಣ್ಣನಿಗೆ ನಾನು, ತಮ್ಮನಿಗೆ ಅವಳು. ಸುರಪುರದಿಂದ ದೇವಾಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಮೈದುನನಿಗೆ ಸ್ವಂತ ಗಾಡಿ ಇಲ್ಲ. ಸುರಪುರದ ಸ್ಟ್ಯಾಂಡಿನಲ್ಲಿ ಟಂಟಂ ಆಟೋ ಓಡಿಸುವ ಯಾವನಾದರೂ ಜ್ವರ ಬಂದು ಮಲಗಿದರೆ, ಇಲ್ಲವೆ ಮದುವೆಗೆ ಹೋದರೆ, ಇವನಿಗೆ ಫೋನು ಬರುತ್ತದೆ. ಅವರೆಲ್ಲ ಇವನನ್ನು ಕರೆಯುವುದೇ ಸ್ಪೇರ್ ಡ್ರೈವರ್ ಎಂದು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಫೋನು ಬಂದ ಕೂಡಲೇ ಅಂಗಿ ತೊಟ್ಟು, "ಸ್ಪೇರ್ ಹೊಂಟಿತು ನೋಡ್ರಿ" ಅಂದು ಹೊಸ್ತಿಲು ದಾಟುತ್ತಿದ್ದ.

ಆಮೇಲೆ ಮನೆಯಲ್ಲಿ ಎಲ್ಲದಕ್ಕೂ ಆ ಮಾತೇ ಆಯಿತು. ಹಳೆಯ ಚಪ್ಪಲಿ ಸ್ಪೇರ್ ಚಪ್ಪಲಿ. ಅತ್ತೆಗೆ ಹೊಸ ಚಷ್ಮಾ ಬಂದ ಮೇಲೆ ದಾರ ಕಟ್ಟಿದ ಹಳೆಯದು ಸ್ಪೇರ್ ಚಷ್ಮಾ. ಮಾವನಿಗೆ ಕಟ್ಟಿಸಿದ ಹಲ್ಲಿನ ಸೆಟ್ಟು ಬಂದಾಗ ಮೈದುನ, "ಅಪ್ಪಗ ಸ್ಪೇರ್ ಹಲ್ಲ ಬಂದಾವ, ಇನ್ನ ಚಕ್ಕುಲಿ ಮುಚ್ಚಿಡ್ರಿ" ಅಂದ. ಮಾವ ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಊಟಕ್ಕೆ ಕೂತು ತಾನೇ, "ನನ್ನ ಸ್ಪೇರ್ ತಾ ಬೇ" ಎಂದು ನನ್ನ ಕಡೆ ಕೈ ಚಾಚಿದ.

ನನ್ನ ಬಾಯಲ್ಲಿ ಆ ಮಾತು ವಸ್ತುವಿನಿಂದ ಮತ್ತೆ ಮನುಷ್ಯರಿಗೆ ಬಂತು. ಅದನ್ನು ಬರೆಯಲೆಂದೇ ಕೂತಿದ್ದೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಮಕ್ಕಳ ಪುಸ್ತಕ ಓದಿ ಓದಿ ಅಕ್ಷರ ಮರೆಯದ ಹಾಗೆ ಇಟ್ಟುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಾನು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಮೂವರಿದ್ದೇವೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರಿಗಾದರೂ ಬರಲು ಆಗದಿದ್ದರೆ ಆಕೆಯೇ ತನ್ನ ಬದಲಿಗೆ ಒಬ್ಬಳನ್ನು ಕಳಿಸಬೇಕು. ರಜೆ ಎಂಬುದು ನಮಗಿಲ್ಲ, ಮಕ್ಕಳ ಹೊಟ್ಟೆಗೂ ಇಲ್ಲ. ಉಳಿದಿಬ್ಬರು ಸಿಕ್ಕಸಿಕ್ಕವರ ಕಾಲು ಹಿಡಿಯಬೇಕಾಗುತ್ತಿತ್ತು. ಒಮ್ಮೆ ಸೊಸೆ, ಒಮ್ಮೆ ನೆರೆಮನೆಯಾಕೆ. ನನಗೆ ಆ ಚಿಂತೆ ಇರಲಿಲ್ಲ. ಹಿಂದಿನ ದಿನವೇ ಹೆಡ್‌ಮಾಸ್ತರರಿಗೆ, "ನಾಳಿ ನನ್ನ ಸ್ಪೇರ್ ಕಳಸ್ತೀನ್ರಿ ಸರ" ಎಂದು ಹೇಳಿ ಬರುತ್ತಿದ್ದೆ. ತಂಗಿಯನ್ನು ಕೇಳುತ್ತಿದ್ದದ್ದು ಆಮೇಲೆ. ಕೇಳುವುದೇನು, ಹೇಳುವುದು.

ಅವಳು ನನ್ನ ಏಪ್ರನ್ ಕಟ್ಟಿಕೊಂಡು ಹೋಗುತ್ತಿದ್ದಳು. ನಾನು ದಪ್ಪ, ಅವಳು ಕಡ್ಡಿ. ಏಪ್ರನ್ನಿನ ದಾರ ಅವಳ ಸೊಂಟಕ್ಕೆ ಎರಡು ಸುತ್ತು ಬಂದರೂ ಇನ್ನೂ ಉಳಿಯುತ್ತಿತ್ತು. ಹಾಲಿನ ಪುಡಿ ಕದಡುವಾಗ ನಮ್ಮ ಕೈಯಲ್ಲಿ ಗಂಟಾಗುತ್ತಿತ್ತು. ಅವಳು ಮೊದಲು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಪುಡಿ ಹಾಕಿ ದೋಸೆ ಹಿಟ್ಟಿನಂತೆ ಮಾಡಿ ಆಮೇಲೆ ದೊಡ್ಡ ಪಾತ್ರೆಗೆ ಸುರಿಯುತ್ತಿದ್ದಳು. ಮಕ್ಕಳು ಅವಳನ್ನು ಸಣ್ಣ ಆಯಿ, ಸಣ್ಣಾಯಿ ಅನ್ನುತ್ತಿದ್ದವು. ನಾನು ಹೋದ ದಿನ ತಟ್ಟೆ ಹಿಡಿದು ಬಂದ ಹುಡುಗಿಯೊಬ್ಬಳು ನನ್ನ ಮುಖ ನೋಡಿ, "ಇವತ್ತ ಸಣ್ಣಾಯಿ ಬಂದಿಲ್ಲೇನ್ರಿ?" ಎಂದು ಕೇಳಿದ್ದುಂಟು. ನಾನು ನಕ್ಕೆ. ಒಳಗೆ ಸ್ವಲ್ಪ ಚುಚ್ಚಿತು.

ಒಂದು ಸಂಜೆ ಜೋಳ ಹಸನು ಮಾಡುತ್ತ ತಂಗಿ ಅಂದಳು, "ಯಕ್ಕಾ, ಅಲ್ಲಿ ಒಂದ್ ಜಾಗ ಖಾಲಿ ಆದ್ರ ನನಗ ಹೇಳು. ನನಗೂ ಒಂದ್ ಏಪ್ರನ್ ಇರ್ಲಿ, ನನ್ನ ಅಳತಿದು."

"ಆಗ್ಲಿ ತಗೋ" ಅಂದೆ.

ಮರುವರ್ಷ ನನಗೆ ಯಾದಗಿರಿಯಲ್ಲಿ ಗರ್ಭಚೀಲದ ಆಪರೇಷನ್ ಆಯಿತು. ಭಾರ ಎತ್ತಬಾರದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಮಳೆಗಾಲ ಹಿಡಿದು ಚಳಿಗಾಲದವರೆಗೆ ತಂಗಿಯೇ ನನ್ನ ಬದಲಿಗೆ ಶಾಲೆಗೆ ಹೋದಳು. ಬೆಳಿಗ್ಗೆ ನನಗೆ ಗಂಜಿ ಕುಡಿಸಿ, ತಲೆ ಬಾಚಿ, ಬಚ್ಚಲಿಗೆ ಕೈ ಹಿಡಿದು ಕರೆದುಕೊಂಡು ಹೋಗಿ ಬಂದು, ಆಮೇಲೆ ಅಲ್ಲಿಯ ಒಲೆ. ಮಧ್ಯಾಹ್ನ ಮಕ್ಕಳ ತಟ್ಟೆ ಎದ್ದ ಮೇಲೆ ಓಡಿಬಂದು ಮತ್ತೆ ನನ್ನ ಊಟ. ಅವಳ ದುಡಿಮೆಯ ಹಣವನ್ನು ಅವಳ ಕೈಗೇ ಕೊಟ್ಟೆ, ಅದರಲ್ಲಿ ಮೋಸ ಮಾಡಲಿಲ್ಲ. ಮೋಸ ಬೇರೆ ಕಡೆ ಮಾಡಿದೆ.

ಆ ದಿನಗಳಲ್ಲಿ ನಮ್ಮ ಮೂವರಲ್ಲಿ ಒಬ್ಬಳು ಅಡುಗೆ ಕೆಲಸ ಬಿಟ್ಟು ಮಗನ ಜೊತೆ ಶಹಾಪುರಕ್ಕೆ ಹೋದಳು. ಹೆಡ್‌ಮಾಸ್ತರರು ನನ್ನನ್ನು ಮಾತಾಡಿಸಲು ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಅಂದರು, "ಆ ಜಾಗಕ್ಕ ನಿಮ್ಮ ತಂಗಿ ಖಾಯಂ ಬರ್ತಾಳೇನವ್ವ? ನನಗ ಮೊದಲ ಆಕಿನೇ ನೆನಪಾದ್ಳು. ನಿಮ್ಮನ್ನ ಒಂದ್ ಮಾತ ಕೇಳೋಣಂತ ಬಂದೆ."

ತಂಗಿ ಆ ಹೊತ್ತಿಗೆ ಶಾಲೆಯಲ್ಲಿ ನನ್ನ ಪಾತ್ರೆಯಲ್ಲೇ ಸೌಟು ಆಡಿಸುತ್ತಿದ್ದಳು.

ನಾನು ಅಂದೆ, "ಆಕಿಗಿ ಆಗಂಗಿಲ್ರಿ ಸರ. ಹೊಲಮನಿ ಎರಡೂ ನೋಡ್ಬೇಕು. ನನ್ನ ಸಲುವಾಗಿ ಈಗೇನೋ ಬರಾಕತ್ತಾಳ."

ಯಾಕೆ ಹಾಗೆ ಅಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಸುಲಭವಿದೆ. ಅವಳು ಖಾಯಂ ಆದರೆ ನನ್ನ ಬದಲಿಗೆ ಯಾರು ಹೋಗಬೇಕು? ನನ್ನ ಹೊಟ್ಟೆಯ ಹೊಲಿಗೆ ಇನ್ನೂ ಹಸಿ ಇತ್ತು, ನಾಳೆ ಮತ್ತೆ ಏನಾದರೂ ಆದರೆ ಎಂಬ ಹೆದರಿಕೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪಕ್ಕಪಕ್ಕದಲ್ಲಿ ನಿಂತು ಬಡಿಸಿದರೆ ಮಕ್ಕಳು ಯಾರ ಮುಂದೆ ಸಾಲು ಹಿಡಿಯುತ್ತವೆ ಎಂಬುದು ನನಗೆ ಗೊತ್ತಿತ್ತು. ಹೆಡ್‌ಮಾಸ್ತರರು ತಲೆಯಾಡಿಸಿ ಹೋದರು. ಆ ಜಾಗಕ್ಕೆ ಊರಿನ ಬೇರೊಬ್ಬಾಕೆ ಬಂದಳು. ಒಳ್ಳೆಯವಳೇ, ಅವಳ ತಪ್ಪೇನೂ ಇಲ್ಲ.

ತಂಗಿ ಅತ್ತು ಕರೆದು ಮಾಡಲಿಲ್ಲ. "ಸರ್ ನನ್ನ ಕೇಳಲೇ ಇಲ್ಲಲ್ಲ ಯಕ್ಕಾ" ಅಂದಳು ಅಷ್ಟೇ. ಆಮೇಲೆ, "ನನ್ನ ಕೈ ರುಚಿ ಅವರಿಗಿ ಸೇರಿಲ್ಲೇನೋ" ಅಂದಳು. ಆಗ ಹೇಳಬಹುದಿತ್ತು. "ಸರ್ ಮನಸ್ನ್ಯಾಗ ಏನದ ಯಾರಿಗಿ ಗೊತ್ತು" ಅಂದುಬಿಟ್ಟೆ.

ಅಲ್ಲಿಂದ ಅವಳ ಕೈಯೇ ಬದಲಾಯಿತು. ಮೊದಲು ಮಾತಾಡುತ್ತ ಮಾತಾಡುತ್ತ ಉಪ್ಪು ಎಸೆಯುತ್ತಿದ್ದವಳು ಈಗ ಚಿಟಿಕೆ ಚಿಟಿಕೆ ಹಾಕಿ ನನ್ನ ಅಂಗೈಗೆ ಸಾರು ಬಿಟ್ಟು, "ಸರಿ ಅದೇನು ನೋಡು" ಎಂದು ಕೇಳತೊಡಗಿದಳು. ಮನೆಯ ಪುಂಡಿಪಲ್ಯಕ್ಕೂ ಕೇಳುತ್ತಿದ್ದಳು. ನಾನು ಚೆನ್ನಾಗಿದೆ ಅಂದರೆ ನಂಬುತ್ತಿರಲಿಲ್ಲ. ಮೈದುನ ಚೇಷ್ಟೆ ಮಾಡಿದ, "ನಾ ರೋಡಿನ ಸ್ಪೇರ್, ನೀ ಒಲಿ ಸ್ಪೇರ್. ನನಗ ಬ್ರೇಕ್ ಎಲ್ಲದ ಅಂತ ಯಾರನ್ನೂ ಕೇಳಂಗಿಲ್ಲ ನಾ. ನೀ ಉಪ್ಪಿಗಿ ಯಾಕ ಕೇಳ್ತಿ?" ಅವಳು ನಗಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋದೆ.

ಹೀಗೆ ಎರಡು ವರ್ಷ ಹೋಯಿತು. ನನಗೆ ಮೈಯಲ್ಲಿ ಶಕ್ತಿ ಬಂದು ಕೆಲಸಕ್ಕೆ ಹೋಗುತ್ತಿದ್ದೆ. ಆಗದ ದಿನ ಅವಳನ್ನು ಕಳಿಸುತ್ತಿದ್ದೆ. ಅವಳು ಮೊದಲಿನಂತೆಯೇ ಎರಡು ಸುತ್ತು ದಾರ ಬಿಗಿದುಕೊಂಡು ಹೋಗುತ್ತಿದ್ದಳು.

ಬಳಿಚಕ್ರದಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆಗೆ ಇಬ್ಬರೂ ಹೋದೆವು. ಅಡುಗೆಯವನು ಬರುವುದು ತಡವಾಗಿ, ಗೋಧಿ ಹುಗ್ಗಿಯ ಹಂಡೆ ಒಲೆಯ ಮೇಲೆ ಸುಮ್ಮನೆ ಕೂತಿತ್ತು. ದೊಡ್ಡಪ್ಪ ಹೆಂಗಸರ ನಡುವೆ ತಂಗಿಯನ್ನು ಹುಡುಕಿ ಕರೆದ. "ನೀ ಬಾ ಬೇ, ಸಾಲಿ ಹುಡ್ರಿಗಿ ಮಾಡಾಕಿ. ನಿನಗ ಈ ಹಂಡೆ ಯಾವ ಲೆಕ್ಕ? ಒಲಿ ಮುಂದ ನಿಲ್ಲು."

ಅವಳು ಸೆರಗು ಸರಿಮಾಡಿಕೊಂಡು ಹಿಂದಕ್ಕೆ ಸರಿದಳು. "ಬ್ಯಾಡ ದೊಡ್ಡಪ್ಪ. ಮನಿ ಮಂದಿ ಅಡಗಿ ಅಷ್ಟ ನನಗ ಬರೋದು. ಸಾಲ್ಯಾಗ ನನ್ನ ಕೈ ರುಚಿ ನೋಡೇ ಬ್ಯಾಡಂದಾರ. ತವರಿನ ಮದುವಿ ಕೆಡಸೂದು ಬ್ಯಾಡ."

ದೊಡ್ಡಪ್ಪ ನನ್ನ ಮುಖ ನೋಡಿದ. ಹಂಡೆಯ ಮುಂದೆ ಬೇರೆ ಯಾರೋ ನಿಂತರು. ಹುಗ್ಗಿ ಸ್ವಲ್ಪ ತಳ ಹತ್ತಿತು. ಎಲ್ಲರೂ ಉಂಡರು, ಯಾರೂ ಏನೂ ಅನ್ನಲಿಲ್ಲ. ಕೆಲಸ ತಪ್ಪಿಸಿದೆ ಎಂದಷ್ಟೇ ನಾನು ತಿಳಿದಿದ್ದೆ. ಅವಳ ಕೈಯ ಧೈರ್ಯವನ್ನೇ ತಪ್ಪಿಸಿದ್ದೆ.

ಬರುವಾಗ ಯಾದಗಿರಿಯಲ್ಲಿ ಶಹಾಪುರದ ಬಸ್ಸು ಹತ್ತಿದೆವು. ಅವಳು ಕಿಟಕಿಯ ಕಡೆ. ಬಸ್ಸು ಭೀಮಾ ಹೊಳೆಯ ಸೇತುವೆ ದಾಟುವಾಗ ಹೇಳಿಬಿಟ್ಟೆ. ಹೆಡ್‌ಮಾಸ್ತರರು ಬಂದದ್ದು, ಮೊದಲು ಅವಳ ನೆನಪಾಯಿತು ಅಂದದ್ದು, ನಾನು ಆಗಂಗಿಲ್ಲ ಅಂದದ್ದು, ಯಾಕೆ ಅಂದೆ ಎಂಬುದು, ಎಲ್ಲ. ಮುಂದಿನ ಸೀಟಿನವರಿಗೆ ಕೇಳಿಸಿತೋ ಏನೋ. ತಂಗಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಶಹಾಪುರ ಬರುವವರೆಗೂ ಹೊರಗಿನ ಹತ್ತಿ ಹೊಲಗಳನ್ನೇ ನೋಡುತ್ತಿದ್ದಳು. ಅಲ್ಲಿ ಇಳಿದು ಸುರಪುರದ ಬಸ್ಸಿಗೆ ಕಾಯುವಾಗ ನಾನು ಚಹಾ ತಂದುಕೊಟ್ಟೆ. ಕುಡಿದಳು. ಲೋಟ ಕೆಳಗಿಟ್ಟು ಅಂದಳು:

"ನನ್ನ ಮುಂದ ಹೇಳಿದ್ರ ಏನ್ ಬಂತು? ಸರ್ ಮುಂದ ಹೇಳು. ನಾ ಬಾಜೂಕ ನಿಂತಿರ್ತೀನಿ."

"ಹೇಳ್ತೀನಿ."

"ನಾಳಿನೇ."

"ನಾಳಿನೇ ಹೇಳ್ತೀನವ್ವಾ."

"ಮತ್ತ ಯಕ್ಕಾ, ಸ್ಪೇರ್ ಅನಬ್ಯಾಡ ನನಗ. ಸಾಲಿಯವರು ಅಂತಾರ, ಅನ್ಲಿ. ಗಂಡ ಅಂತಾನ, ಅದು ಚೇಷ್ಟಿ. ನೀ ಅನಬ್ಯಾಡ."

ಮರುದಿನ ಊಟದ ಗಂಟೆಗೆ ಮೊದಲು ಇಬ್ಬರೂ ಹೆಡ್‌ಮಾಸ್ತರರ ಕೋಣೆಗೆ ಹೋದೆವು. ಉಳಿದ ಅಡುಗೆಯವರು ಬಾಗಿಲಲ್ಲಿದ್ದರು. ಅವರ ಮುಂದೆಯೇ ಹೇಳಬೇಕಾಯಿತು. ನಾನು ಮಾತು ಮುಗಿಸಿದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಬೈಯುತ್ತಾರೆ ಎಂದು ಕಾದೆ. ಅವರು ನನ್ನನ್ನು ನೋಡಲೇ ಇಲ್ಲ. ತಂಗಿಗೆ ಅಂದರು, "ತಪ್ಪು ನಂದೂ ಅದವ್ವ. ನಿಮ್ಮನ್ನ ಕೇಳೋದು ಬಿಟ್ಟು ನಿಮ್ಮಕ್ಕನ್ನ ಕೇಳಿದೆ. ಈಗ ಜಾಗಿಲ್ಲ. ಆದ್ರ ನಿಮ್ಮ ಅಡಗಿಗೆ ಯಾರೂ ಎಂದೂ ಹೆಸರಿಟ್ಟಿಲ್ಲ, ತಪ್ಪು ತಗದಿಲ್ಲ. ಹಾಲು ಕದಡೋದು ಇವರೆಲ್ಲ ನಿಮ್ಮನ್ನ ನೋಡೇ ಕಲಿತಾರ."

ಬಾಗಿಲಲ್ಲಿದ್ದ ಹಿರಿಯಳು, "ಅದು ಖರೇನ್ರಿ" ಅಂದಳು.

ತಂಗಿ ತಲೆಯಾಡಿಸಿದಳು. ಆ ದಿನ ಮನೆಯಲ್ಲಿ ಅವಳು ಮಾಡಿದ ಸಾರನ್ನು ನನ್ನ ಅಂಗೈಗೆ ಬಿಡಲಿಲ್ಲ. ನೇರ ತಟ್ಟೆಗೆ ಬಡಿಸಿದಳು. ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು. ಅಷ್ಟು ರುಚಿಯಾದ ಸಾರನ್ನು ನಾನು ಉಂಡಿಲ್ಲ.

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ, ಹೇಳಿಲ್ಲ. ನಾನೂ ಕೇಳಿಲ್ಲ. ಕೆಲವು ದಿನ ನನ್ನ ಜೊತೆ ಬೇಕಾದಷ್ಟೇ ಮಾತು. ನನಗೆ ಹೋಗಲು ಆಗದ ದಿನ ಬಂದಾಗ ಮೊದಲ ಸಲ, "ನಾಳಿ ನಿನಗ ಹೋಗಾಕ ಆಗ್ತದೇನು?" ಎಂದು ಕೇಳಿದೆ. "ಇಲ್ಲ, ಹೊಲದಾಗ ಕೆಲಸದ" ಅಂದಳು. ನಾನು ನೆರೆಮನೆಯಾಕೆಯ ಬಾಗಿಲಿಗೆ ಹೋಗಿ ಬೇಡಿಕೊಂಡೆ. ಅದರ ಮುಂದಿನ ಸಲ ಕೇಳಿದಾಗ, "ಆಗ್ತದ" ಅಂದಳು. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿ ಬಂತು. ಅಷ್ಟು ವರ್ಷ ಕೇಳದೆ ಪಡೆದದ್ದು ಏನೆಂದು ಆಗ ತಿಳಿಯಿತು.

ಹಿರಿಯಳು ವಯಸ್ಸಾಗಿ ಕೆಲಸ ಬಿಟ್ಟಾಗ ಹೆಡ್‌ಮಾಸ್ತರರು ನಮ್ಮ ಮನೆಗೆ ಬರಲಿಲ್ಲ. ಹುಡುಗರ ಕೈಯಲ್ಲಿ ತಂಗಿಯನ್ನೇ ಕರೆಸಿ ಕೇಳಿದರು. ಈಗ ಅವಳಿಗೆ ಅವಳದೇ ಏಪ್ರನ್ ಇದೆ. ದಾರ ಒಂದೇ ಸುತ್ತು. ನಾನು ಹೆದರಿದಂತೆಯೇ ಮಕ್ಕಳು ಅವಳ ಮುಂದೆಯೇ ಸಾಲು ಹಿಡಿಯುತ್ತವೆ. ನನ್ನ ಮುಂದೆ ಬಂದವರಿಗೆ ಅನ್ನ ಬೇಗ ಸಿಗುತ್ತದೆ, ಅದಕ್ಕೇ ಕೆಲವರು ಬರುತ್ತಾರೆ. ನನಗೆ ಈಗ ಚುಚ್ಚುವುದಿಲ್ಲ. ಅವಳು ಮಾತಾಡುತ್ತ ಉಪ್ಪು ಎಸೆಯುವುದನ್ನು ನೋಡುತ್ತ ಸೌಟು ಹಿಡಿದು ನಿಂತಿರುತ್ತೇನೆ.

ಕಳೆದ ಚಳಿಗಾಲದಲ್ಲಿ ಮೊಣಕಾಲು ಹಿಡಿದು ನಾನು ಹೋಗಲಿಲ್ಲ. ಕಳಿಸಲು ಯಾರೂ ಸಿಗಲಿಲ್ಲ. ಹೊಸದಾಗಿ ಬಂದ ಟೀಚರು ತಂಗಿಯನ್ನು, "ನಿಮ್ಮಕ್ಕನ ಸ್ಪೇರ್ ಯಾರೂ ಬಂದಿಲ್ಲೇನ್ರಿ?" ಎಂದು ಕೇಳಿದರಂತೆ. ನನ್ನ ಮಾತು ಆ ಅಡುಗೆಮನೆಯಲ್ಲಿ ಇನ್ನೂ ಉಳಿದಿದೆ.

ತಂಗಿ ಅಂದಳಂತೆ, "ಅಕ್ಕಗ ಸ್ಪೇರ್ ಇಲ್ರಿ. ಇವತ್ತ ಅಕ್ಕ ಬಂದಿಲ್ಲ, ಅಷ್ಟ." ಅಂದು ನನ್ನ ಪಾತ್ರೆಯನ್ನೂ ತನ್ನ ಒಲೆಯ ಪಕ್ಕಕ್ಕೆ ಎಳೆದುಕೊಂಡಳಂತೆ.

ಸಂಜೆ ಬಂದು ನನ್ನ ಮೊಣಕಾಲಿಗೆ ಎಣ್ಣೆ ಹಚ್ಚುತ್ತ ಇದನ್ನು ಹೇಳಿದವಳು ಅವಳೇ. ಹೇಳಿ, "ನಾಳಿನೂ ಆಗಲಿಲ್ಲಂದ್ರ ಮಲಕೊಂಡಿರು" ಅಂದಳು. ನಾನು ಮರುದಿನ ಹೋದೆ, ಗೋಡೆ ಹಿಡಿದುಕೊಂಡು.