ಚಾಂಗೊ ದೇವರ ಮಣಿ ಹಾಕಿದ ಯಂತ್ರ

ನೆರೆಯ್ಡಾಳದು ಹುಟ್ಟು ಅನುಮಾನದ ಬುದ್ಧಿ. ರೇಷನ್ ಬ್ರೆಡ್ಡನ್ನು ಮೂಸಿಯೇ ಚೀಲಕ್ಕೆ ಹಾಕುವಳು; ಪಕ್ಕದ ಮನೆಯವಳು ನಕ್ಕರೆ ಯಾಕೆ ನಕ್ಕಳೆಂದು ಸಂಜೆಯವರೆಗೂ ತಲೆ ಕೆಡಿಸಿಕೊಳ್ಳುವಳು. ಮೊಸರಿನಲ್ಲಿ ಕಲ್ಲು ಹುಡುಕುವ ಜಾತಿ.

ಆದರೆ ಕೈ ಚುರುಕು. ಅವಳು ದುಡಿಯುತ್ತಿದ್ದ, ಪಾಲ್ಮಾ ಸೊರಿಯಾನೊ ಊರಾಚೆಯ ಬಾಳೆರೋಗ ಪತ್ತೆಹಚ್ಚುವ ಪ್ರಯೋಗಾಲಯದಲ್ಲಿ ಎಲೆ ಅರೆಯುವ ಯಂತ್ರ ಕೆಟ್ಟು ಕೂತಿತು. ಬಿಡಿಭಾಗ ಬರುತ್ತದೆಂದು ಕಾಯುವ ಪೆದ್ದರು ಕ್ಯೂಬಾದಲ್ಲಿ ಯಾರೂ ಉಳಿದಿಲ್ಲ. ನೆರೆಯ್ಡಾ ಬಡಗಿ ಭಾವನ ವಿದ್ಯುತ್ ಗರಗಸ ತಂದು, ಅಲಗು ಕಿತ್ತು, ಆ ಜಾಗಕ್ಕೆ ಎಲೆ ತುಂಬುವ ಕೊಳವೆ ಹಿಡಿಯುವ ಮರದ ತುಂಡು ಬಿಗಿದಳು. ಗುಂಡಿ ಒತ್ತಿದರೆ ಕೊಳವೆ ಗಡಗಡ ಕುಲುಕಿತು. ಎಲೆ ನುಣ್ಣಗಾಗಲು ಒಳಗೆ ಗಾಜಿನ ಮಣಿಗಳು ಬೇಕಿದ್ದವು, ಅಷ್ಟೆ.

ಮಣಿ ತಂದವಳು ಪಕ್ಕದ ಮೇಜಿನ ಎಲ್ವಿರಾ, ಬಹುಕಾಲದ ಗೆಳತಿ. ಕಾಗದದ ಪೊಟ್ಟಣದ ತುಂಬ ಕೆಂಪು, ಬಿಳಿ.

"ಎಲ್ಲಿಂದ ತಂದ್ಯೇ?"

"ತಗೊಳ್ಳೇ ಅಂದ್ರೆ ತಗೋ. ಪೊಲೀಸ್ನೋರ ಥರ ಕೇಳ್ಬೇಡ."

ಯಂತ್ರ ಓಡಿತು. ಪ್ರತಿ ಸಲವೂ ಎಲ್ವಿರಾಳೇ ಮಣಿ ತೊಳೆದಿಡುತ್ತಿದ್ದಳು. ನೆರೆಯ್ಡಾಳಿಗೆ ಅದೂ ಚುಚ್ಚಿತು. ಈ ಊರಲ್ಲಿ ಪುಕ್ಕಟೆಯಾಗಿ ಯಾರು ಏನು ಕೊಡುತ್ತಾರೆ? ಕೆಂಪು ಬಿಳಿ ಎಂದರೆ ಸಿಡಿಲಿನ ದೇವರು ಚಾಂಗೊನ ಬಣ್ಣ. ಭಕ್ತರ ಕೊರಳ ಸರ ತಾನಾಗಿ ಹರಿದರೆ, ಅವರಿಗೆ ಬರಬೇಕಿದ್ದ ಕೇಡನ್ನು ಅದು ನುಂಗಿದೆ ಎಂದರ್ಥ. ಆ ಮಣಿಯನ್ನು ಬೇರೆಯವರ ಕೈಗೆ ಹಾಕಬಾರದು. ಇವಳು ಹಾಕಿದಳೇ? ಬೇರೆ ಮಣಿ ಸಿಗುವಂತಿರಲಿಲ್ಲ; ಅಂದಿನಿಂದ ನೆರೆಯ್ಡಾ ಮಣಿಗಳನ್ನು ತಾನೇ ನೀರಲ್ಲಿ ಅಲುಗಾಡಿಸಿ, ಬೀಗದೊಳಗೆ ಇಟ್ಟುಕೊಂಡಳು.

ಆಮೇಲೆ ಬಂದ ಎಲೆಗೆಲ್ಲ ರೋಗ. ಮುದುಕ ಹಿಲಾರಿಯೊನ ತೋಟದ ಎಲೆಗೂ ರೋಗ. ಸೋಮವಾರ ತೋಟ ಪೂರ್ತಿ ಕಡಿಯಬೇಕೆಂದು ಆದೇಶವಾಯಿತು.

ಮುದುಕ ಟೋಪಿ ಹಿಸುಕುತ್ತ ಬಾಗಿಲಲ್ಲಿ ನಿಂತ. "ತಾಯಿ, ನನ್ನ ಗಿಡ ಹಸಿರಾಗೇ ಅವೆ. ನಿಮ್ಮ ಕುಲುಕೋ ಯಂತ್ರಕ್ಕೇ ಜ್ವರ ಬಂದಿರ್ಬೇಕು."

ನೆರೆಯ್ಡಾಳಿಗೆ ಅಷ್ಟೇ ಸಾಕಾಯಿತು. ಎಲ್ಲರೂ ನೋಡುತ್ತಿದ್ದಂತೆ ಕೊಳವೆಗೆ ಬರೀ ಶುದ್ಧ ನೀರು, ಆ ಮಣಿ ಹಾಕಿ ಕುಲುಕಿ ಪರೀಕ್ಷೆಗಿಟ್ಟಳು. ನೀರಿಗೂ ರೋಗ ಬಂತು.

"ನೋಡಿದ್ರಾ? ಹರಿದ ಸರದ ಮಣಿ ಕೊಟ್ಟವ್ಳೆ. ತನ್ನ ಶನಿ ನನ್ ತಲೆಗೆ ಕಟ್ಟವ್ಳೆ. ಗೆಳತಿಯಂತೆ."

ಎಲ್ವಿರಾ ಮುಂದೆ ಬಂದಳು. ಒಂದು ಮಣಿ ಎತ್ತಿಕೊಂಡು, ದಾರ ಪೋಣಿಸುವ ತೂತಿಗೆ ಸೂಜಿ ಚುಚ್ಚಿದಳು. ತುದಿಗೆ ಹಸಿರು ಗಸಿ ಅಂಟಿಕೊಂಡು ಬಂತು.

"ನಾನು ತೊಳೀವಾಗ ಒಂದೊಂದು ತೂತಿಗೂ ಸೂಜಿ ಹಾಕಿ, ಕುದಿಸ್ತಿದ್ದೆ. ನೀನು?"

ನೆರೆಯ್ಡಾ ಬರೀ ನೀರಲ್ಲಿ ಅಲುಗಾಡಿಸಿದ್ದಳು. ಯಾವುದೋ ತೋಟದ ರೋಗದ ರಸ ತೂತಿನಲ್ಲಿ ಕೂತು, ಬಂದ ಬಂದ ಎಲೆಗೆಲ್ಲ ಅಂಟಿತ್ತು.

"ನನ್ ಸರ ಹರೀಲಿಲ್ಲ," ಎಂದಳು ಎಲ್ವಿರಾ. "ನಾನೇ ಬಿಚ್ಚಿದೆ. ಯಂತ್ರ ಓಡದಿದ್ರೆ ನಿನ್ ಕೆಲ್ಸ ಹೋಗ್ತಿತ್ತು. ದೇವ್ರನ್ನ ಕೇಳ್ಕೊಂಡೆ, ಒಪ್ಪಿದ."

ಹಿಲಾರಿಯೊನ ತೋಟದ ಹೊಸ ಎಲೆಗಳನ್ನು, ಕುದಿನೀರಲ್ಲಿ ತೊಳೆದ ಒರಳುಕಲ್ಲಿನಲ್ಲಿ ಕೈಯಿಂದಲೇ ಅರೆದು ನೋಡಿದರು. ರೋಗವಿರಲಿಲ್ಲ. ಆದೇಶ ರದ್ದಾಯಿತು. ಮುದುಕ ಬಾಳೆಗೊನೆ ತಂದು ಇಬ್ಬರ ನಡುವೆ ಇಳಿಸಿದ. ಯಾರೂ ಮುಟ್ಟದ್ದು ನೋಡಿ ಅವನಿಗೇ ಮುಜುಗರವಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೆರೆಯ್ಡಾಳಿಗೆ ಕ್ಷಮೆ ಕೇಳುವ ಅಭ್ಯಾಸವೇ ಇರಲಿಲ್ಲ. ನಾಚಿಕೆಯಿಂದ ಸಾಯುವಂತಾಗಿ, ತನ್ನ ಪಾಲಿನ ಸಕ್ಕರೆಯನ್ನೆಲ್ಲ ಸುರಿದು ಕಾಫಿ ಕಾಸಿ ಎಲ್ವಿರಾಳ ಮುಂದಿಟ್ಟಳು.

ಎಲ್ವಿರಾ ಬಟ್ಟಲನ್ನು ಹಿಂದಕ್ಕೆ ತಳ್ಳಿದಳು.

"ಮೊದ್ಲು ನೀನೊಂದು ಗುಟುಕು ಕುಡಿ. ನಾನು ನೋಡ್ತೀನಿ."

ನೆರೆಯ್ಡಾ ಕುಡಿದಳು.