ಕಿರ್ರೆನ್ನುವ ಮೆಟ್ಟಿಲು

ಪೇಟೆ ನಡುವಿನ ಆ ದೊಡ್ಡ ಮನೆಯನ್ನು ಕಟ್ಟಿಸಿದವರು ವಕೀಲರು, ಅವರಿಂದ ಕೊಂಡವರು ಬಟ್ಟೆ ವ್ಯಾಪಾರಿ, ಈಗ ಇರುವವರು ಗುತ್ತಿಗೆದಾರರು. ಮೂವರ ಕಾಲಕ್ಕೂ ಅಡುಗೆಮನೆ ಮಾತ್ರ ಅಡುಗೆಯ ದೊಡ್ಡಕ್ಕನದೇ. ಗೋಡೆ ಗಡಿಯಾರದ ಜೊತೆ ನನ್ನನ್ನೂ ಮರೆತು ಬಿಟ್ಟುಹೋದರು ಎಂದು ಆಕೆಯೇ ನಗುತ್ತಿದ್ದಳು.

ಮಹಡಿ ಮೆಟ್ಟಿಲು ಅರ್ಧಕ್ಕೆ ತಿರುಗುವ ಕಡೆ ಒಂದು ಹಲಗೆ ಕಿರ್ರೆನ್ನುತ್ತಿತ್ತು. ವಕೀಲರು ಕೇಸು ಸೋತು ಬಂದ ದಿನ ಎಳೆದೆಳೆದು ನರಳುತ್ತಿತ್ತು. ವ್ಯಾಪಾರಿಯ ಮಕ್ಕಳು ಕದ್ದು ಸಿನಿಮಾಕ್ಕೆ ಹೋಗಿ ಬಂದರೆ ಚಾಡಿ ಹೇಳುತ್ತಿತ್ತು. ಮನೆಯ ಚರಿತ್ರೆಯೆಲ್ಲ ದೊಡ್ಡಕ್ಕನ ಕಿವಿಯಲ್ಲಿತ್ತು. ಕಣ್ಣಿನ ಕಥೆ ಬೇರೆ. ಅದು ಮಂಜಾಗುತ್ತಾ ಬಂದು, ಈಗ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಡಾಕ್ಟರೂ ಕೈಚೆಲ್ಲಿದ್ದರು. ಗೊತ್ತಾದರೆ ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆಯೇ? ಹೋಗಲು ಇನ್ನೊಂದು ಮನೆ ಎಲ್ಲಿತ್ತು, ಪಾಪ! ಆಕೆ ತುಟಿಪಿಟಕ್ಕೆನ್ನಲಿಲ್ಲ. ಹಲಗೆ ಕಿರ್ರೆಂದ ಕಡೆ ತಿರುಗಿಕೊಂಡು ಕಾಲ ಹಾಕಿದಳು.

ಗುತ್ತಿಗೆದಾರರ ಸೊಸೆಗೆ ದೊಡ್ಡಕ್ಕನೆಂದರೆ ಪ್ರಾಣ. ಹಲಗೆ ಸಡಿಲವಾಗಿದೆ, ಎಲ್ಲಿ ಜಾರಿ ಬೀಳುತ್ತಾಳೋ ಎಂದು ಬಡಗಿಯನ್ನು ಕರೆಸಿ ಬಿಗಿಯಾಗಿ ಮೊಳೆ ಹೊಡೆಸಿದಳು. ಸುತ್ತಿಗೆ ಸದ್ದು ಕೇಳಿ ದೊಡ್ಡಕ್ಕ ಕಿಟಕಿ ರಿಪೇರಿ ಎಂದುಕೊಂಡು ಹಿಟ್ಟು ನಾದುತ್ತಿದ್ದಳು.

ಸಂಜೆ ಕಾಫಿ ಹಿಡಿದು ಹತ್ತಿದಳು. ಸದ್ದೇ ಇಲ್ಲ. ತಿರುವು ಇನ್ನೂ ಮುಂದಿದೆ ಎಂದು ನೇರ ಹೆಜ್ಜೆಯಿಟ್ಟಳು, ಗೋಡೆಗೆ ಢಿಕ್ಕಿ! ಪಿಂಗಾಣಿ ಬಟ್ಟಲು ಚೂರುಚೂರಾಯಿತು.

"ಅಯ್ಯೋ, ಕೈ ಸುಟ್ಟಿತಾ ಅಕ್ಕಾ? ಗೋಡೆ ಕಾಣಿಸ್ಲಿಲ್ವಾ?" ಸೊಸೆ ಓಡಿ ಬಂದಳು.

"ಕಾಣಿಸಲ್ಲ ತಾಯಿ. ತುಂಬಾ ದಿನ ಆಯ್ತು. ಆ ಹಲಗೆ ಸದ್ದೇ ನನಗೆ ದಾರಿ ಹೇಳ್ತಿತ್ತು. ನಾಳೆ ಗಂಟುಮೂಟೆ ಕಟ್ತೀನಿ ಬಿಡಿ."

ಸೊಸೆ ಮುದುಕಿಯ ಕೈಯನ್ನು ತಣ್ಣೀರಿನಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಳು.

ಬೆಳಿಗ್ಗೆ ದೊಡ್ಡಕ್ಕ ಗಂಟು ಕಟ್ಟುತ್ತಿದ್ದಾಗ ಬಡಗಿಯ ಗೊಣಗಾಟ ಕೇಳಿಸಿತು. "ಸದ್ದು ನಿಲ್ಸು ಅಂದವ್ರನ್ನ ನೋಡಿದೀನಿ. ಸದ್ದು ಬರ್ಸು ಅಂದವ್ರು ನೀವೊಬ್ರೇ!"

"ಬರ್ಸಿ ಅಂದ್ರೆ ಬರ್ಸಿ. ಹಲಗೆ ಮಾತ್ರ ಅಲುಗಾಡ್ಬಾರ್ದು. ಅಕ್ಕಾ, ಬನ್ನಿ ಇಲ್ಲಿ! ಹಳೇ ಸದ್ದು ಹೇಗಿತ್ತು ಅಂತ ನೀವೇ ಹೇಳ್ಬೇಕು."

ದೊಡ್ಡಕ್ಕ ಗಂಟು ಹಿಡಿದೇ ಬಂದು ಮೆಟ್ಟಿಲ ಕೆಳಗೆ ನಿಂತಳು. ಬಡಗಿ ಮೊಳೆ ಕಿತ್ತ, ಹಲಗೆ ಕೆರೆದ, ಮೆಟ್ಟಿ ನೋಡಿದ.

"ಛೆ ಛೆ, ಇದು ಬೆಕ್ಕಿನ ಮರಿ ಅತ್ತ ಹಾಗಿದೆ. ಇನ್ನೂ ಸ್ವಲ್ಪ ಗಡಸು ಬೇಕಪ್ಪಾ."

ಅವನು ಬೈದುಕೊಂಡು ಮತ್ತೆ ಕೆರೆದ. ಕಿರ್ರ್! ದೊಡ್ಡಕ್ಕ ಕೈಯಲ್ಲಿದ್ದ ಗಂಟು ಕೆಳಗಿಟ್ಟಳು.

ಹಲಗೆ ಮತ್ತೊಮ್ಮೆ ಮೆಲ್ಲಗೆ ಕಿರ್ರೆಂದಿತು. "ಈಗ ಯಾರು ಬಂದಿದ್ದು, ಹೇಳಿ ನೋಡೋಣ?" ಸೊಸೆಯ ದನಿ.

"ನೀನೇ ಕಣೇ, ಅದೂ ಬರಿಗಾಲಲ್ಲಿ. ಮೂಲೇಲಿ ಬಟ್ಟಲಿನ ಚೂರು ಇನ್ನೂ ಇರ್ಬಹುದು, ಚಪ್ಪಲಿ ಹಾಕ್ಕೋ ಮಗಳೇ."