ಎಲ್ಲರಿಗೂ ಎರಡನೆಯವನು

ಮಾಚೇನಹಳ್ಳಿಯಲ್ಲಿ ನನ್ನದೊಂದು ಲೇತ್ ಶೆಡ್ಡಿದೆ. ಅದರ ಗೋಡೆಗೆ ಗೋಡೆ ಅಂಟಿಕೊಂಡಂತೆ ನನ್ನ ಗೆಳೆಯನ ವೆಲ್ಡಿಂಗ್ ಶೆಡ್ಡು. ನಾನು ಕಬ್ಬಿಣ ಕೊರೆಯುವವನು, ಅವನು ಕೂಡಿಸುವವನು, ನಮ್ಮಿಬ್ಬರ ಸ್ವಭಾವವೂ ಹಾಗೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಬಾಯಿ ತೆರೆದರೆ ಜಗಳ. ಅವನಿದ್ದ ಕಡೆ ಕೊರಳಪಟ್ಟಿ ಹಿಡಿದುಕೊಂಡವರೂ ಒಂದು ಚಹಾ ಕುಡಿದು ಎದ್ದು ಹೋಗುತ್ತಾರೆ.

ಅವನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಮದುವೆಯಾದ ಮೇಲೆ ಶಿವಮೊಗ್ಗಕ್ಕೆ ಬಂದು ಸವಳಂಗ ರಸ್ತೆಯ ಹತ್ತಿರ ಮನೆ ಮಾಡಿದ. ಎರಡು ಊರುಗಳ ನಡುವೆ ಎಷ್ಟು ಮಹಾ ದೂರ? ಆದರೂ ಭದ್ರಾವತಿಯವರು ಅವನನ್ನು ಶಿವಮೊಗ್ಗಕ್ಕೆ ಹೋದವನು ಎನ್ನುತ್ತಾರೆ, ಶಿವಮೊಗ್ಗದವರು ಭದ್ರಾವತಿಯಿಂದ ಬಂದವನು ಎನ್ನುತ್ತಾರೆ. ಒಮ್ಮೆ ಕರೆಂಟ್ ಹೋಗಿ ಇಬ್ಬರೂ ಸುಮ್ಮನೆ ಕೂತಿದ್ದಾಗ ಅವನೇ ಹೇಳಿದ್ದ, “ನಾನು ಎಲ್ರಿಗೂ ಬೇಕು ಭಾಯ್. ಆದ್ರೆ ಯಾರ ಕಡೆಯವನೂ ಅಲ್ಲ.” ನಗುತ್ತಲೇ ಹೇಳಿದ್ದರಿಂದ ನಾನೂ ನಕ್ಕು ಸುಮ್ಮನಾದೆ.

ನಮ್ಮದು ಸಣ್ಣ ವರ್ಕ್‌ಶಾಪಿನವರ ಒಂದು ಸಂಘವಿದೆ. ಸಂಘ ಎಂದರೆ ದೊಡ್ಡದೇನಲ್ಲ, ರಸ್ತೆ ಗುಂಡಿ, ಟ್ರಾನ್ಸ್‌ಫಾರ್ಮರು, ಆಯುಧಪೂಜೆಯ ಶಾಮಿಯಾನ, ಇಷ್ಟೇ ನಮ್ಮ ರಾಜ್ಯಭಾರ. ಆದರೆ ಅಧ್ಯಕ್ಷ ಯಾರು ಎಂಬ ಮಾತು ಬಂದರೆ ಶೆಡ್ಡುಗಳೆಲ್ಲ ಎರಡು ಪಾಲಾಗುತ್ತವೆ, ಶಿವಮೊಗ್ಗದವರು ಮತ್ತು ಭದ್ರಾವತಿಯವರು. ಹಿಂದಿನ ಸಲ ಭದ್ರಾವತಿಯಿಂದಲೇ ಇಬ್ಬರು ನಿಂತು ಮತ ಹಂಚಿಹೋಗಿ, ಅರ್ಧದಷ್ಟೂ ಮತ ಬೀಳದ ಶಿವಮೊಗ್ಗದವರೊಬ್ಬರು ಗೆದ್ದುಬಿಟ್ಟರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ಹಾಗೆ. ಆಮೇಲೆ ಸಭೆಗೆ ಕರೆದರೆ ಒಂದು ಕಡೆಯವರು ಬಂದರೆ ಇನ್ನೊಂದು ಕಡೆಯವರು ಬರುತ್ತಿರಲಿಲ್ಲ.

ನಮ್ಮ ಚುನಾವಣೆ ನಡೆಸಿಕೊಡುವವರು ಒಬ್ಬ ನಿವೃತ್ತ ಮೇಷ್ಟ್ರು. ಅವರ ಮಗನ ಶೆಡ್ಡು ಇಲ್ಲೇ ಇದೆ. ಈ ರಗಳೆ ನೋಡಿ ಸಾಕಾಗಿ ಅವರೇ ಒಂದು ದಾರಿ ಹೇಳಿದರು. ವಿಧಾನ ಪರಿಷತ್ತಿಗೆ ಪದವೀಧರರು ಮತ ಹಾಕುವ ರೀತಿ, ಪ್ರಾಶಸ್ತ್ಯದ ಮತ. ಎಲ್ಲ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯಬೇಕು. ಮೊದಲು ಒಂದುಗಳನ್ನಷ್ಟೇ ಎಣಿಸುತ್ತಾರೆ. ಯಾರೂ ಅರ್ಧ ದಾಟದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವನನ್ನು ಕಣದಿಂದ ತೆಗೆದು, ಅವನ ಚೀಟಿಗಳಲ್ಲಿ ಯಾರ ಹೆಸರಿನ ಮುಂದೆ ಎರಡು ಎಂದಿದೆಯೋ ಅವರಿಗೆ ಆ ಚೀಟಿಗಳನ್ನು ಸೇರಿಸುತ್ತಾರೆ. ಗೆದ್ದವನಿಗೆ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಇದ್ದೇ ಇರುತ್ತದೆ ಎಂದರು ಮೇಷ್ಟ್ರು. ನನಗೆ ಬಹಳ ಹಿಡಿಸಿತು. ಬಿ.ಕಾಂ. ಮಾಡಿದವನಾದ್ದರಿಂದ ಆ ರೀತಿ ಮತ ಹಾಕಿಯೂ ಗೊತ್ತಿತ್ತು. ಎದ್ದು ನಿಂತು ಎರಡು ಮಾತು ಜೋರಾಗಿಯೇ ಆಡಿದೆ, ಸಭೆ ಒಪ್ಪಿತು.

ಪದ್ಧತಿ ಹೊಸದಾದ ಮೇಲೆ ಎರಡೂ ಕಡೆಯವರು ಬಂದು ನನ್ನ ಗೆಳೆಯನಿಗೆ ಗಂಟುಬಿದ್ದರು. ನೀನು ನಿಲ್ಲು ಮಾರಾಯ, ನೀನು ನಿಂತರೆ ಯಾರದ್ದೂ ತಕರಾರಿಲ್ಲ ಎಂದರು. ಅವನು ನಿಂತ. ಅವರೇ ಮತ್ತೆ ಊರಿನ ಮರ್ಯಾದೆಗೆ ಒಬ್ಬರಿರಲಿ ಎಂದು ಶಿವಮೊಗ್ಗದಿಂದ ಒಬ್ಬರನ್ನು, ಭದ್ರಾವತಿಯಿಂದ ಒಬ್ಬರನ್ನು ನಿಲ್ಲಿಸಿದರು. ಯಾರೂ ಇದನ್ನು ಮೋಸ ಎಂದುಕೊಳ್ಳಲಿಲ್ಲ. ನಾನೂ ಅಂದುಕೊಳ್ಳಲಿಲ್ಲ.

ಗೆಳೆಯ ಯಾರ ಹತ್ತಿರವೂ ಮತ ಕೇಳಲಿಲ್ಲ. ಆದರೆ ಚುನಾವಣೆಯ ದಿನ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದ. ವೆಲ್ಡಿಂಗಿನವನು ಬಿಳಿ ಶರ್ಟು ಹಾಕುವುದೆಂದರೆ ಅದು ಮದುವೆಗೆ, ಇಲ್ಲವೇ ಕೋರ್ಟಿಗೆ. ಸೋಲಲಿ ಗೆಲ್ಲಲಿ, ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಡಬೇಕೆಂದು ಚಹಾ ಅಂಗಡಿಯ ಅಕ್ಕನಿಗೆ ಹೇಳಿದ್ದ. ಅವನಿಗೆ ಅಧ್ಯಕ್ಷಗಿರಿಯ ಆಸೆ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಇಷ್ಟು ವರ್ಷ ಎರಡು ಊರಿನ ನಡುವೆ ಓಡಾಡಿದವನನ್ನು ಒಂದು ಸಲ ಜನ ‘ಇವನು ನಮ್ಮವನು’ ಎಂದು ಮುಂದೆ ಕೂರಿಸಿದರೆ ಅವನಿಗೆ ಅಷ್ಟೇ ಸಾಕಿತ್ತು.

ನಮ್ಮಲ್ಲಿ ಒಂದು ರೂಢಿಯಿದೆ. ಚುನಾವಣೆಗೆ ನಿಂತವನು ತನಗೆ ತಾನೇ ಮತ ಹಾಕಿಕೊಳ್ಳುವುದಿಲ್ಲ. ಮನೆಗೆ ನೆಂಟರನ್ನು ಊಟಕ್ಕೆ ಕರೆದು ಮೊದಲು ತನ್ನ ಎಲೆಗೆ ಬಡಿಸಿಕೊಂಡ ಹಾಗೆ ಅದು. ಎದುರಾಳಿಗೆ ಹಾಕುತ್ತೇನೆಂದು ಎಲ್ಲರ ಮುಂದೆ ಹೇಳಿಯೇ ಚೀಟಿ ತೆಗೆದುಕೊಳ್ಳುತ್ತಾರೆ. ಗೆಳೆಯನೂ ಹಾಗೇ ಹೇಳಿ ಮತ ಹಾಕಿ ಬಂದ.

ಮೇಷ್ಟ್ರು ಒಂದುಗಳನ್ನು ಎಣಿಸಿದರು. ಶಿವಮೊಗ್ಗದವರಿಗೆ ಸರಿಯಾಗಿ ಅರ್ಧ. ಭದ್ರಾವತಿಯವರಿಗೆ ಅದಕ್ಕಿಂತ ಒಂದು ಕಡಿಮೆ. ನನ್ನ ಗೆಳೆಯನಿಗೆ ಒಂದು.

ಒಂದೇ ಒಂದು. ಅದು ನನ್ನದು.

ಅರ್ಧ ಬಂದರೆ ಸಾಲದು, ದಾಟಬೇಕು. ಹಾಗಾಗಿ ಕಡಿಮೆ ಬಂದ ಗೆಳೆಯನ ಹೆಸರು ಕಣದಿಂದ ಹೋಯಿತು. ಮೇಷ್ಟ್ರು ಅವನ ಆ ಒಂಟಿ ಚೀಟಿಯನ್ನು ಎತ್ತಿ, ಎರಡು ಎಲ್ಲಿದೆ ನೋಡಿ, ಶಿವಮೊಗ್ಗದವರ ಕಟ್ಟಿಗೆ ಸೇರಿಸಿದರು. ನಾನು ಶಿವಮೊಗ್ಗದವನು, ಎರಡನ್ನು ನಮ್ಮೂರಿನವರಿಗೇ ಬರೆದಿದ್ದೆ. ಆ ಚೀಟಿಯಿಂದಲೇ ಅವರು ಗೆದ್ದರು. ಬಿಳಿ ಶರ್ಟಿನ ಗೆಳೆಯ ಚೀಟಿ ಆ ಕಡೆಯಿಂದ ಈ ಕಡೆಗೆ ಹೋಗುವುದನ್ನೇ ನೋಡುತ್ತಿದ್ದ.

ಆಮೇಲೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ಉಳಿದ ಚೀಟಿಗಳನ್ನೂ ತಿರುವಿ ನೋಡಿದೆ, ಹೆಚ್ಚುಕಡಿಮೆ ಎಲ್ಲದರಲ್ಲೂ ಎರಡು ಎಂದು ಇವನ ಹೆಸರಿನ ಮುಂದೆಯೇ ಇದೆ ಎಂದರು. ಜನ ಒಂದನ್ನು ಊರಿನ ಋಣಕ್ಕೆ ಬರೆದಿದ್ದರು, ಎರಡನ್ನು ಪ್ರೀತಿಗೆ ಬರೆದಿದ್ದರು. ಇವನಿಗೆ ಒಂದು ಹಾಕುವವರು ಬೇಕಾದಷ್ಟು ಜನ ಇದ್ದಾರೆ, ನನ್ನದು ಎರಡಿರಲಿ ಎಂದು ಪ್ರತಿಯೊಬ್ಬನೂ ಅಂದುಕೊಂಡಿದ್ದ. ಆ ಎರಡುಗಳನ್ನು ಎಣಿಸುವ ಸರದಿ ಬರುವ ಮೊದಲೇ ಅವನು ಕಣದಲ್ಲಿರಲಿಲ್ಲ. ಪದ್ಧತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ನಾವು ಬರೆದದ್ದನ್ನೇ ಅದು ಎಣಿಸಿತು.

ಬಜ್ಜಿ ಬಿಸಿಯಾಗಿಯೇ ಬಂತು. ಗೆಳೆಯ ತಾನೇ ನಿಂತು ಹಂಚಿದ. ಆಗ ಶುರುವಾಯಿತು ನೋಡಿ. ಒಬ್ಬ ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ, ಆ ಒಂದು ನಂದು ಎಂದ. ಅವನು ಹೋದ ಮೇಲೆ ಇನ್ನೊಬ್ಬ. ಕೈತೊಳೆಯುವ ನಲ್ಲಿಯ ಹತ್ತಿರ ಮತ್ತೊಬ್ಬ. ಮಾರನೆಯ ದಿನ ಕುಂಸಿಯಿಂದ ಓಡಾಡುವವನೊಬ್ಬ ಬೈಕನ್ನು ಶೆಡ್ಡಿನ ಮುಂದೆ ನಿಲ್ಲಿಸಿ, ಇಂಜಿನ್ ಕೂಡ ಆರಿಸದೆ ಅದನ್ನೇ ಹೇಳಿ ಹೋದ. ಗೆಳೆಯ ಬಂದವರಿಗೆಲ್ಲ, ನಂಗೆ ಗೊತ್ತು ಬಿಡು ಎನ್ನುತ್ತಿದ್ದ. ಪ್ರೀತಿ ಇದ್ದದ್ದಕ್ಕೇ ಅವರೆಲ್ಲ ಸುಳ್ಳು ಹೇಳಿದರು, ಅದು ನನಗೆ ಗೊತ್ತು. ಆದರೂ ಗೋಡೆಯ ಈಚೆ ಕೂತು ಕೇಳುತ್ತಿದ್ದ ನನಗೆ ಮೈ ಉರಿಯುತ್ತಿತ್ತು.

ನಾನು ಹೇಳಲು ಹೋಗಲಿಲ್ಲ. ಪಕ್ಕದ ಶೆಡ್ಡಿನವನು, ಒಂದೇ ಡಬ್ಬಿಯಲ್ಲಿ ಉಂಡವನು, ನನ್ನ ಮತ ಎಲ್ಲಿ ಬಿತ್ತೆಂದು ಅವನಿಗೆ ಹೇಳಬೇಕೇ? ಗೊತ್ತೇ ಇರುತ್ತದೆ ಎಂದುಕೊಂಡೆ.

ವಾರ ಕಳೆದಿರಬಹುದು. ಬೆಳಗ್ಗೆ ಅಕ್ಕನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಇಬ್ಬರ ಗುಟ್ಟು ರಟ್ಟಾಯಿತು. ಭದ್ರಾವತಿಯವನೊಬ್ಬ ಆ ಒಂದು ತನ್ನದೆಂದ, ಶಿವಮೊಗ್ಗದವನೊಬ್ಬ ಅಲ್ಲ, ನನ್ನದು ಎಂದ. ಆ ಚೀಟಿಯಲ್ಲಿ ಎರಡು ನಮ್ಮೂರಿನವರಿಗಿತ್ತು, ನೀನು ಹಾಕಿದ್ದೇ ಆದರೆ ನಿಮ್ಮೂರಿನವರನ್ನು ಸೋಲಿಸಿದವನು ನೀನೇ ಎಂದು ಶಿವಮೊಗ್ಗದವನು ಅವನನ್ನು ಹಿಡಿದ. ಹಾಗಾದರೆ ನಿಮ್ಮ ಅಧ್ಯಕ್ಷರಿಗೆ ನೀನು ಒಂದು ಹಾಕಲಿಲ್ಲ ಎಂದಾಯಿತು, ನಡಿ ಅವರಿಗೇ ಹೇಳೋಣ ಎಂದು ಭದ್ರಾವತಿಯವನು ಇವನನ್ನು ಹಿಡಿದ. ಚಹಾ ಅಲ್ಲೇ ಆರುತ್ತಿತ್ತು. ಕೊನೆಗೆ ಯಾರೋ ನನ್ನ ಕಡೆ ತಿರುಗಿ, ನೀವು ಅವನ ಪಕ್ಕದವರು, ನೀವು ಯಾರಿಗೆ ಹಾಕಿದ್ರಿ ಎಂದು ಕೇಳಿದರು.

ನಾನು ಲೋಟ ಕೆಳಗಿಟ್ಟೆ. ಇನ್ನೇನು ಹೇಳಬೇಕು, ಅಷ್ಟರಲ್ಲಿ ಬೆಂಚಿನ ತುದಿಯಲ್ಲಿದ್ದ ಗೆಳೆಯ ಬಾಯಿ ಹಾಕಿದ.

“ಅವರನ್ನ ಯಾಕೆ ಕೇಳ್ತೀರಿ? ಆ ವೋಟು ನಂದೇ. ನಾನೇ ಹಾಕ್ಕೊಂಡಿದ್ದು.”

ಸುತ್ತ ಕೂತವರು ನಕ್ಕುಬಿಟ್ಟರು. ಅದು ಒಳ್ಳೆಯ ನಗುವಲ್ಲ. ಎಲ್ಲರ ಮುಂದೆ ಎದುರಾಳಿಗೆ ಹಾಕುತ್ತೇನೆಂದು ಹೇಳಿದವನು ತನಗೇ ಹಾಕಿಕೊಂಡನಂತೆ! ಭದ್ರಾವತಿಯವನು ನಗಲೂ ಇಲ್ಲ. ಹಾಗಾದರೆ ಎರಡನ್ನು ಶಿವಮೊಗ್ಗಕ್ಕೆ ಹಾಕಿದವನು ನೀನು, ಗೊತ್ತಾಯ್ತು ಬಿಡು, ನೀನು ಯಾವ ಊರಿನವನು ಅಂತ ಎಂದು ಎದ್ದು ಹೋದ. ಆಮೇಲಿಂದ ಆ ಕಡೆಯ ಕೆಲವರು ಕೆಲಸಕ್ಕೆ ಬೇರೆ ವೆಲ್ಡಿಂಗಿನವನ ಹತ್ತಿರ ಹೋಗತೊಡಗಿದರು.

ಶೆಡ್ಡಿಗೆ ವಾಪಸ್ ಬರುವ ದಾರಿಯಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ, ಯಾಕೆ ಮಾರಾಯ ಹಾಗೆ ಹೇಳಿದೆ, ಮರ್ಯಾದೆ ಯಾಕೆ ಕಳ್ಕೊಂಡೆ ಎಂದು. ಅವನು ನಿಂತು ಶಟರಿನ ಬೀಗ ತೆಗೆಯುತ್ತ ಹೇಳಿದ,

“ಬೇರೆಯವರು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡೆ ಭಾಯ್. ನಿನ್ನ ಬಾಯಲ್ಲೂ ಆ ಸುಳ್ಳು ಕೇಳೋಕೆ ನನ್ನಿಂದ ಆಗ್ತಿರ್ಲಿಲ್ಲ.”

ಶಟರು ಮೇಲಕ್ಕೆ ಹೋಯಿತು. ಅವನು ಒಳಗೆ ಹೋಗಿ ಕೆಲಸದ ಬಟ್ಟೆ ಹಾಕಿಕೊಂಡ. ನನ್ನದು ಸುಳ್ಳಲ್ಲ ಎಂದು ಅವತ್ತೇ ಹೇಳಬಹುದಿತ್ತು. ಆದರೆ ಹೇಗೆ ಹೇಳಿದರೂ ಅದು ಅಷ್ಟೂ ಜನ ಹೇಳಿದ ಅದೇ ಮಾತಾಗುತ್ತಿತ್ತು. ಈಗಲೂ ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಡಬ್ಬಿ ಬಿಚ್ಚುತ್ತೇವೆ, ಅವನು ಮೊದಲು ನನಗೇ ಬಡಿಸುತ್ತಾನೆ.